ಮರೆಯುವವರ ಮಾತು

ಅರವತ್ತಕ್ಕೆ ಅರಳುಮರಳು ಎಂಬ ಮಾತು ಕನ್ನಡಿಗರ ಬಾಯಲ್ಲಿ ಎಂದಿನಿಂದಲೋ ನಡೆದುಬಂದಿದೆ. ಅದರಲ್ಲಿ ಸ್ವಲ್ಪ ಹಾಸ್ಯವಿದೆ, ಸ್ವಲ್ಪ ಕ್ಷಮೆಯಿದೆ; ಇವರ ಮಾತನ್ನು ಇನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂಬ ತೀರ್ಪೂ ಇದೆ. ಬೇಂದ್ರೆಯವರು ಇದೇ ಮಾತನ್ನು ಕವನಸಂಗ್ರಹವೊಂದಕ್ಕೆ ಹೆಸರಾಗಿಟ್ಟು, ಮರಳಿ ಅರಳುವುದೆಂಬ ಧ್ವನಿಯನ್ನು ಅದರಿಂದ ಹೊರಡಿಸಿದರು. ಆ ಸಂಗ್ರಹಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ಕವಿಯ ಶ್ಲೇಷೆ ಗ್ರಂಥದಲ್ಲಿ ಉಳಿಯಿತು. ಮನೆಯ ಜಗಲಿಯ ಮೇಲೆ ಹಳೆಯ ಅರ್ಥವೇ ಉಳಿಯಿತು. ವೈದ್ಯರು ಡಿಮೆನ್ಷಿಯ ಎಂದೂ ಪತ್ರಿಕೆಗಳು ಮರೆಗುಳಿ ರೋಗವೆಂದೂ ಕರೆಯುವುದು ಮುಪ್ಪಿನ ಸಹಜ ಲಕ್ಷಣವಲ್ಲ, ಮೆದುಳಿನ ವ್ಯಾಧಿ, ಎಂಬುದು ಇನ್ನೂ ನಮ್ಮ ಮನಸ್ಸಿಗೆ ಇಳಿದಿಲ್ಲ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಈ ವ್ಯಾಧಿಯಿದೆ. ಇಷ್ಟು ಜನರ ಮಾತನ್ನು ಲೆಕ್ಕಕ್ಕೆ ಹಿಡಿಯದಿರುವುದು ಸಣ್ಣ ಸಂಗತಿಯಲ್ಲ.

ಈ ರೋಗವನ್ನು ಕುರಿತ ಬರಹ ಇಂಗ್ಲಿಷಿನಲ್ಲಿ ಈಗ ಹೇರಳವಾಗಿದೆ. ಅದನ್ನು ಓದುವ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ಏಳುವ ಪ್ರಶ್ನೆ, ಇಲ್ಲಿ ಮಾತನಾಡುತ್ತಿರುವವರು ಯಾರು ಎಂಬುದು. ಕಾಳಿದಾಸನ ಶಾಕುಂತಲದಲ್ಲಿ ಮರೆತವನು ದುಷ್ಯಂತ. ನಾವು ಕಣ್ಣೀರು ಸುರಿಸುವುದು ಶಕುಂತಲೆಗಾಗಿ. ಮರೆತವನ ಒಳಗು ಹೇಗಿತ್ತೆಂಬುದನ್ನು ಮಹಾಕವಿ ತುಸುವೇ ಸೂಚಿಸುತ್ತಾನೆ: ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕೇಳಿದ ರಾಜ, ಕಾರಣ ತಿಳಿಯದೆ ಕಳವಳಗೊಳ್ಳುತ್ತಾನೆ. ಮರೆವಿನ ಸಾಹಿತ್ಯ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿದೆ. ಶೋಕ ಉಳಿದವರದು, ಮರೆತವರಿಗೆ ಒಂದು ಕ್ಷಣದ ಕಳವಳ ಮಾತ್ರ.

ವೈದ್ಯಶಾಸ್ತ್ರದ ಕಥೆಯೂ ಹೀಗೆಯೇ ಮೊದಲಾಯಿತು. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸು ಬಂದಳು. ವೈದ್ಯ ಆಲ್‌ಝೈಮರ್ ಆಕೆಯನ್ನು ಪ್ರಶ್ನಿಸಿ ಉತ್ತರಗಳನ್ನು ಗುರುತುಮಾಡಿಟ್ಟ. ಹೆಸರು ಬರೆಯೆಂದರೆ ಆಕೆ ‘ಶ್ರೀಮತಿ’ ಎಂಬಷ್ಟನ್ನು ಬರೆದು ಮುಂದಿನದನ್ನು ಮರೆತಳು. ತನ್ನನ್ನು ತಾನೇ ಕಳೆದುಕೊಂಡೆನೆಂಬ ಅರ್ಥದ ಮಾತನ್ನೂ ಆಡಿದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ರೋಗಕ್ಕೆ ವೈದ್ಯನ ಹೆಸರು ಬಂತು; ಆಕೆಯ ಮಾತುಗಳಿದ್ದ ಕಡತ 1995ರಲ್ಲಿ ಕೈಗೆ ಸಿಗುವವರೆಗೆ ಮೂಲೆಯಲ್ಲಿ ಬಿದ್ದಿತ್ತು. ಕಾದಂಬರಿಕಾರ್ತಿ ಐರಿಸ್ ಮರ್ಡಾಕ್‌ಗೆ ಈ ರೋಗ ಬಂದಾಗ ಆಕೆಯ ಪತಿ ಜಾನ್ ಬೇಲಿ 1998ರಲ್ಲಿ, ಆಕೆ ಇನ್ನೂ ಬದುಕಿದ್ದಾಗಲೇ, ಆಕೆಯನ್ನು ಕುರಿತ ಸ್ಮೃತಿಗ್ರಂಥವನ್ನು ಪ್ರಕಟಿಸಿದ. ಪ್ರೀತಿ ತುಂಬಿದ ಪುಸ್ತಕವದು. ಆದರೂ ಇಪ್ಪತ್ತಾರು ಕಾದಂಬರಿಗಳನ್ನು ಬರೆದಾಕೆ ಅದರಲ್ಲಿ ಮತ್ತೊಬ್ಬರ ಕಥೆಯ ಪಾತ್ರವಾಗಿಬಿಟ್ಟಿದ್ದಾಳೆ. ನಮ್ಮಲ್ಲಿ 2016ರಲ್ಲಿ ಹೇಮಂತ್ ರಾವ್ ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ವಾಚಕರು ನೋಡಿರಬಹುದು. ಅನಂತನಾಗ್ ಅವರ ವೆಂಕೋಬರಾವ್ ಮರೆಯಲಾಗದ ಪಾತ್ರ. ಆದರೆ ಚಿತ್ರದ ಹೆಸರೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆಯಿಂದ ಬಂದದ್ದು. ತಂದೆ ಕಾಣೆಯಾದ ಮೇಲೆ ಮಗನಿಗೆ ತಂದೆ ಯಾರೆಂದು ತಿಳಿಯುತ್ತದೆ. ಇಲ್ಲಿಯೂ ಕಥೆ ಹುಡುಕುವವನದು.

ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಇಂಗ್ಲೆಂಡಿನ ವೆಂಡಿ ಮಿಚೆಲ್ ಬರೆದ ಮೂರು ಪುಸ್ತಕಗಳ ಮಹತ್ತ್ವ ಗೊತ್ತಾಗುತ್ತದೆ. ಮಿಚೆಲ್ ಸಾಹಿತಿಯಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಇಪ್ಪತ್ತು ವರ್ಷ ದುಡಿದವಳು. ದಾದಿಯರ ಪಾಳಿಪಟ್ಟಿಯನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದವಳೆಂದು ಸಹೋದ್ಯೋಗಿಗಳಲ್ಲಿ ಹೆಸರು. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಬೆಳೆಸಿದ ತಾಯಿ. 2014ರ ಜುಲೈ 31ರಂದು, 58ನೆಯ ವಯಸ್ಸಿನಲ್ಲಿ, ತನಗೆ ಆಲ್‌ಝೈಮರ್ ರೋಗವಿದೆಯೆಂದು ಆಕೆಗೆ ನಿಶ್ಚಯವಾಗಿ ತಿಳಿಯಿತು. ಅಲ್ಲಿಂದ ಸುಮಾರು ಒಂಬತ್ತೂವರೆ ವರ್ಷ ಬದುಕಿದಳು. 2018, 2022, 2023ರಲ್ಲಿ ಒಂದೊಂದರಂತೆ ಮೂರು ಪುಸ್ತಕಗಳು ಬಂದವು. ರೋಗ ಗೊತ್ತಾದ ದಿನ ಬದುಕು ಮುಗಿಯುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಮೊದಲನೆಯ ಪುಸ್ತಕ ‘ಸಮ್‌ಬಡಿ ಐ ಯೂಸ್ಡ್ ಟು ನೋ’, ಹಿಂದೊಮ್ಮೆ ನನಗೆ ಪರಿಚಯವಿದ್ದವಳು ಎಂದರ್ಥ. ಸಾಹಿತ್ಯದೃಷ್ಟಿಯಿಂದ ಮೂರರಲ್ಲಿ ಇದೇ ಮೇಲು. ಇದರ ವಿಶೇಷ ರಚನೆಯಲ್ಲಿದೆ. ಕಥನದ ನಡುವೆ ಅಲ್ಲಲ್ಲಿ ಲೇಖಕಿ ರೋಗಕ್ಕೆ ಮುಂಚಿನ ತನ್ನನ್ನೇ ‘ನೀನು’ ಎಂದು ಕರೆದು ಮಾತನಾಡಿಸುತ್ತಾಳೆ. ಆ ‘ನೀನು’ ನದಿಯ ದಡದಲ್ಲಿ ಓಡುತ್ತಿದ್ದವಳು, ಕಾರು ಓಡಿಸುತ್ತಿದ್ದವಳು, ಎಲ್ಲವನ್ನೂ ನೆನಪಿಟ್ಟವಳು. ಈ ‘ನಾನು’ ಅವುಗಳನ್ನು ಒಂದೊಂದಾಗಿ ಕೈಬಿಡುತ್ತಿರುವವಳು. ಆತ್ಮಕಥೆಯಲ್ಲಿ ಸಾಮಾನ್ಯವಾಗಿ ಬರೆಯುವವನು ಬಲ್ಲವ, ಬರೆಯಿಸಿಕೊಳ್ಳುವ ಬಾಲಕ ಅರಿಯದವ. ಇಲ್ಲಿ ಕ್ರಮ ತಿರುಗಿದೆ: ಬಲ್ಲವಳು ಹಿಂದೆ ಉಳಿದಿದ್ದಾಳೆ, ಬರೆಯುವವಳು ಕಡಿಮೆ ಬಲ್ಲವಳು. ಆದರೂ ಹೊಟ್ಟೆಕಿಚ್ಚಿಲ್ಲದೆ, ಅತಿಯಾದ ಗೋಳಿಲ್ಲದೆ, ಊರು ಬಿಟ್ಟ ಗೆಳತಿಗೆ ಕಾಗದ ಬರೆಯುವ ಧಾಟಿಯಲ್ಲಿ ಈ ಮಾತು ಸಾಗುತ್ತದೆ. ಕರುಣರಸಕ್ಕೆ ಇದಕ್ಕಿಂತ ಔಚಿತ್ಯವುಳ್ಳ ವಾಹಕ ಸಿಕ್ಕುವುದು ಕಷ್ಟ.

ಇನ್ನೊಂದು ಸಂಗತಿ ನನ್ನಂಥ ಪಾಠ ಹೇಳುವವನನ್ನು ತಡೆದು ನಿಲ್ಲಿಸಿತು. ಕಾದಂಬರಿಯ ಎಳೆಯನ್ನು ಹಿಡಿದಿಡಲಾರದೆ ಹೋದಾಗ ಮಿಚೆಲ್ ಓದನ್ನೇ ಬಿಡಲಿಲ್ಲ. ಸಣ್ಣಕಥೆಗೂ ಕವಿತೆಗೂ ತಿರುಗಿದಳು. ಆಡುವ ಮಾತು ತಡವರಿಸುತ್ತಿದ್ದಾಗಲೂ ಬೆರಳಚ್ಚಿನ ಮೇಲೆ ಆಕೆಯ ಮಾತು ಓಡುತ್ತಿತ್ತು. ಒಂದು ಬಾಗಿಲು ಮುಚ್ಚಿದರೆ ಇಡೀ ಮನೆಯೇ ಮುಚ್ಚಿತೆಂದು ತಿಳಿಯುವುದು ನಮ್ಮ ಅವಸರ. ಮನೆಯಲ್ಲಿ ಇನ್ನೆಷ್ಟು ಬಾಗಿಲುಗಳು ತೆರೆದಿವೆ ಎಂದು ಆಕೆ ಒಂದೊಂದಾಗಿ ತಳ್ಳಿ ನೋಡುತ್ತಾಳೆ.

ಎರಡನೆಯ ಪುಸ್ತಕ ‘ವಾಟ್ ಐ ವಿಶ್ ಪೀಪಲ್ ನ್ಯೂ ಅಬೌಟ್ ಡಿಮೆನ್ಷಿಯ’ ಇಂದ್ರಿಯಗಳು, ಸಂಬಂಧಗಳು, ಮಾತುಕತೆ, ಪರಿಸರ, ಭಾವನೆ, ಮನೋಧರ್ಮ ಎಂದು ವಿಭಾಗಗೊಂಡಿದೆ. ಇದು ಕಲೆಗಿಂತ ಉಪಯೋಗವನ್ನು ಮುಂದಿಟ್ಟುಕೊಂಡ ಗ್ರಂಥ. ಬಾಗಿಲ ಬಳಿಯ ಕಪ್ಪು ಕಾಲೊರಸು ಈ ರೋಗಿಯ ಕಣ್ಣಿಗೆ ಗುಂಡಿಯಂತೆ ಕಾಣಬಹುದು. ಅದನ್ನು ದಾಟಲು ಹಿಂದೆಗೆದರೆ ನಾವು ಹಟವೆನ್ನುತ್ತೇವೆ. ಬೀರುವಿನ ಕದ ಮುಚ್ಚಿದೊಡನೆ ಒಳಗಿರುವುದು ಇಲ್ಲವೇ ಇಲ್ಲವೆಂಬಂತೆ ಆಗುತ್ತದೆ. ಮಿಚೆಲ್ ಒಳಗಿನ ವಸ್ತುಗಳ ಚಿತ್ರವನ್ನು ಕದದ ಮೇಲೆ ಅಂಟಿಸಿದಳು. ಊಟಕ್ಕೆ, ಮಾತ್ರೆಗೆ ಗಂಟೆ ಬಾರಿಸುವ ಏರ್ಪಾಡು ಮಾಡಿಕೊಂಡಳು. ಒಂದು ಕೋಣೆಯ ಗೋಡೆಯ ತುಂಬ ಮಕ್ಕಳ, ತಾನಿದ್ದ ಮನೆಗಳ, ಮೆಚ್ಚಿದ ಸ್ಥಳಗಳ ಛಾಯಾಚಿತ್ರಗಳನ್ನು ಸಾಲಾಗಿ ಜೋಡಿಸಿ, ಮನಸ್ಸು ಕದಡಿದಾಗ ಅಲ್ಲಿ ಹೋಗಿ ಕುಳಿತಳು. ಶಕುಂತಲೆಯ ಉಂಗುರವನ್ನು ಮೀನು ನುಂಗಿತು. ಅದು ಮರಳಿ ರಾಜನ ಕೈ ಸೇರಿದ್ದು ದೈವವಶಾತ್. ಈಕೆ ದೈವವನ್ನು ನಂಬಿ ಕೂಡದೆ ತನ್ನ ಅಭಿಜ್ಞಾನಗಳನ್ನು ತಾನೇ ಮುಂಚಿತವಾಗಿ ಗೋಡೆಗೆ ಹೊಡೆದಳು. ಮುಂದಾಲೋಚನೆಯೆಂದರೆ ಮರಣಶಾಸನ ಬರೆದಿಡುವುದು ಮಾತ್ರವಲ್ಲ, ನಾಳೆ ಬೆಳಗ್ಗೆ ಕಾಫಿ ಪುಡಿ ಎಲ್ಲಿದೆಯೆಂದು ಇವತ್ತು ಗುರುತು ಮಾಡಿಡುವುದೂ ಹೌದು, ಎಂಬುದನ್ನು ಈ ಪುಸ್ತಕ ಮನದಟ್ಟು ಮಾಡಿಕೊಡುತ್ತದೆ.

ಹಾಗೆಂದು ದೊಡ್ಡ ತೀರ್ಮಾನಗಳನ್ನು ಆಕೆ ಮುಂದೂಡಲಿಲ್ಲ. ಬುದ್ಧಿ ಸ್ಪಷ್ಟವಾಗಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮಾತನಾಡಿ, ತನ್ನ ಪರವಾಗಿ ನಿರ್ಣಯಿಸುವ ಅಧಿಕಾರವನ್ನು ಅವರಿಗೆ ಕೊಟ್ಟಳು. ಇಂಗ್ಲೆಂಡಿನ 2005ರ ಕಾಯಿದೆ ಇಂಥ ಅಧಿಕಾರಪತ್ರಕ್ಕೆ ಎಡೆಮಾಡಿಕೊಟ್ಟಿದೆ. ಬುದ್ಧಿಶಕ್ತಿ ಹೋದ ಮೇಲೂ ಅದು ಊರ್ಜಿತ. ಇಲ್ಲಿ ಓದುಗರು ನಮ್ಮ ಸ್ಥಿತಿಯನ್ನು ನೆನೆಯಬೇಕು. 1872ರ ಭಾರತೀಯ ಕರಾರು ಕಾಯಿದೆಯ 201ನೆಯ ಕಲಮಿನ ಪ್ರಕಾರ, ಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟರೆ ಸಾಮಾನ್ಯ ಮುಖ್ತ್ಯಾರುನಾಮೆ ರದ್ದಾಗುತ್ತದೆ. ಯಾವ ದಿನಕ್ಕೆಂದು ಬರೆಸಿದರೋ ಆ ದಿನವೇ ಅದು ಬರಿಯ ಕಾಗದ. 2017ರ ಮಾನಸಿಕ ಆರೋಗ್ಯ ಕಾಯಿದೆಯಡಿ ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ ಬರೆದು ಪ್ರತಿನಿಧಿಯನ್ನು ಹೆಸರಿಸಬಹುದು; ಆಸ್ತಿಯ ವ್ಯವಹಾರಕ್ಕೆ ಅದು ಸಲ್ಲದು. ಕೊನೆಗಾಲದ ಚಿಕಿತ್ಸೆಯನ್ನು ಕುರಿತ ಜೀವಂತ ಉಯಿಲಿಗೆ ಸುಪ್ರೀಂ ಕೋರ್ಟು 2018ರಲ್ಲಿ ಮನ್ನಣೆ ಕೊಟ್ಟು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಈ ಎಲ್ಲ ದಾರಿಗಳಿಗೂ ಒಂದೇ ಷರತ್ತು: ಬರೆಯುವ ದಿನ ಬರೆಯುವವರಿಗೆ ತಿಳಿವಳಿಕೆಯಿರಬೇಕು.

ಆದರೆ ನಮ್ಮ ಮನೆಗಳಲ್ಲಿ ನಡೆಯುವುದೇನು? ವೈದ್ಯರು ರೋಗದ ಹೆಸರು ಹೇಳಿದೊಡನೆ ಮಕ್ಕಳು, ‘ಅಪ್ಪನಿಗೆ ಹೇಳಬೇಡಿ, ಎದೆಗುಂದಿಬಿಡುತ್ತಾರೆ’ ಎನ್ನುತ್ತಾರೆ. ಇದು ಪ್ರೀತಿಯಿಂದ ಬಂದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೀರ್ಮಾನಿಸಲು ಅಪ್ಪನಿಗೆ ಉಳಿದಿರುವ ಕೆಲವೇ ವರ್ಷಗಳನ್ನು ಅದು ಅವರಿಗೆ ತಿಳಿಯದಂತೆ ಕಸಿದುಕೊಳ್ಳುತ್ತದೆ. ಇಂದು ಮುಚ್ಚಿಟ್ಟವರೇ ನಾಳೆ ‘ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ’ ಎಂದು ಅಪ್ಪನ ಎದುರಿನಲ್ಲಿಯೇ ಊಹೆ ಮಾಡುತ್ತ ನಿಲ್ಲುತ್ತಾರೆ. ಮಕ್ಕಳಿರುವಾಗ ಕಾಗದಪತ್ರವೇಕೆ, ಅದು ಅಪನಂಬಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಮಿಚೆಲ್‌ಳ ಪುಟಗಳು ಇದಕ್ಕೆ ಉತ್ತರ ಕೊಡುತ್ತವೆ: ತಾಯಿ ಬರೆದಿಟ್ಟದ್ದು ಮಕ್ಕಳನ್ನು ಕಟ್ಟಿಹಾಕಲೆಂದಲ್ಲ, ಊಹೆಯ ಹೊರೆಯನ್ನು ಅವರ ತಲೆಯಿಂದ ಇಳಿಸಲೆಂದು.

ಮೂರನೆಯ ಪುಸ್ತಕ ‘ಒನ್ ಲಾಸ್ಟ್ ಥಿಂಗ್’ ಸಾವನ್ನು ಕುರಿತದ್ದು. ವಿಷಯ ದೊಡ್ಡದು, ಪುಸ್ತಕ ಅಷ್ಟು ದೊಡ್ಡದಾಗಿಲ್ಲ. ಹಲವರೊಡನೆ ನಡೆಸಿದ ಸಂಭಾಷಣೆಗಳನ್ನು ಪೋಣಿಸಿದ್ದರಿಂದ ವಾದ ಹರಿದುಹಂಚಿಹೋಗಿದೆ. ವಿಮಾನದಿಂದ ಧುಮುಕಿದವಳ ಉಲ್ಲಾಸವೂ ಮರಣಶಯ್ಯೆಯ ಚಿಂತನೆಯೂ ಒಂದರ ಪಕ್ಕ ಒಂದು ಕುಳಿತು ಕೆಲವೆಡೆ ಸ್ವರಭಂಗವಾಗುತ್ತದೆ. 2024ರ ಫೆಬ್ರವರಿ 22ರಂದು ಮಿಚೆಲ್ ತೀರಿಕೊಂಡಳು. ಅನ್ನಪಾನಗಳನ್ನು ತಾನಾಗಿಯೇ ನಿಲ್ಲಿಸಿದೆನೆಂದು ತಿಳಿಸುವ ಬರಹವೊಂದನ್ನು ಬಿಟ್ಟುಹೋಗಿದ್ದಳು. ಶ್ರವಣಬೆಳಗೊಳದ ಶಾಸನಗಳನ್ನು ಓದಿದವರಿಗೆ ಸಲ್ಲೇಖನ ನೆನಪಾದೀತು. ಹೋಲಿಕೆ ಮೇಲ್ಮೈಯದು, ಅಲ್ಲಿ ಗುರು, ಸಂಘ, ಕರ್ಮಕ್ಷಯದ ಶ್ರದ್ಧೆಗಳಿವೆ, ಇಲ್ಲಿ ವ್ಯಕ್ತಿಯೊಬ್ಬಳ ನಿರ್ಧಾರವಿದೆ. ಆ ನಿರ್ಧಾರವನ್ನು ಒಪ್ಪದವರು ಅನೇಕರಿದ್ದಾರೆ; ನನಗೂ ಮನಸ್ಸು ಒಪ್ಪದು. ಇದೇ ರೋಗದಲ್ಲಿ ಕೊನೆಯವರೆಗೂ ಆರೈಕೆ ಪಡೆದು, ಹಾಡಿಗೆ ತಲೆದೂಗುತ್ತ, ಕೈ ಹಿಡಿದವರನ್ನು ಕಂಡು ನಗುತ್ತ ಬದುಕಿದವರ ಬಾಳು ಕಡಿಮೆಯದೆಂದು ಯಾರೂ ತಿಳಿಯಬಾರದು. ಕೊನೆಯ ಒಂದು ಕ್ರಿಯೆಯ ಬೆಳಕಿನಲ್ಲಿ ಹಿಂದಿನ ಪುಸ್ತಕಗಳನ್ನೆಲ್ಲ ಓದುವುದು ಅವುಗಳಿಗೆ ಅನ್ಯಾಯ. ಹಳ್ಳಿಯ ಹಾದಿಯಲ್ಲಿ ದಿನವೂ ಕ್ಯಾಮರ ಹಿಡಿದು ಹೊರಟು, ಹಕ್ಕಿಗಳ, ಮೋಡಗಳ ಚಿತ್ರ ತೆಗೆದು, ನೆರೆಯವರೊಡನೆ ನಕ್ಕು ಬಂದ ವರ್ಷಗಳೇ ಅವುಗಳ ಸತ್ತ್ವ.

ದೋಷಗಳನ್ನೂ ಹೇಳಬೇಕು. ಮೂರೂ ಪುಸ್ತಕಗಳು ಅನಾ ವಾರ್ಟನ್ ಎಂಬ ಪತ್ರಕರ್ತೆಯ ಸಹಯೋಗದಲ್ಲಿ ಸಿದ್ಧವಾದವು, ಇದನ್ನು ಮುಚ್ಚಿಟ್ಟಿಲ್ಲ. ಮರೆಯುವವರಿಗೆ ಮತ್ತೊಂದು ಕೈಯ ಆಸರೆ ಬೇಕೆಂಬುದು ಸರಿ. ಆದರೆ ವಾಕ್ಯಗಳು ಎಲ್ಲೆಡೆಯೂ ನುಣುಪು. ತಡವರಿಕೆ ವರ್ಣಿತವಾಗಿದೆಯೇ ಹೊರತು ಶೈಲಿಯಲ್ಲಿ ಕೇಳುವುದಿಲ್ಲ. ಮೊದಲನೆಯದರ ಪ್ರಸಂಗಗಳು ಮುಂದಿನವುಗಳಲ್ಲಿ ಮರಳಿ ಬರುತ್ತವೆ. ಸಂಶಯ, ಸಿಟ್ಟು, ರಾತ್ರಿಯ ಅಲೆದಾಟ ಮೊದಲಾಗಿ, ನೋಡಿಕೊಳ್ಳುವವರನ್ನು ಹಣ್ಣುಮಾಡುವ ಲಕ್ಷಣಗಳಿಗೆ ಇಲ್ಲಿ ಎಡೆ ಕಡಿಮೆ. ಒಬ್ಬಳೇ ಇದ್ದು ಸಂಭಾಳಿಸಲು ನಿವೃತ್ತಿವೇತನ, ಬಸ್ಸು, ಉಚಿತ ವೈದ್ಯಸೇವೆಗಳಿದ್ದ ದೇಶದ ಕಥೆಯಿದು. ಬಾಡಿಗೆ ಮನೆಯಲ್ಲಿ ಸೊಸೆಯ ದುಡಿಮೆಯ ಮೇಲೆ ನಿಂತ ಸಂಸಾರಕ್ಕೆ ಇದನ್ನು ಇದ್ದಂತೆಯೇ ಹೊಂದಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ‘ನಾನು’ ಎಂದು ಬರೆಯುವ ಗ್ರಂಥಕ್ಕೆ ಈ ರೋಗ ಒಂದು ಗಡಿಯನ್ನು ಹಾಕಿಯೇ ಹಾಕುತ್ತದೆ. ಆ ಗಡಿಯಿಂದಾಚೆಗೆ ಬೇಲಿಯಂಥವರ ಪುಸ್ತಕಗಳೇ ನಮಗೆ ಗತಿ. ಎರಡು ಬಗೆಯವೂ ಬೇಕು. ಇದುವರೆಗೆ ಒಂದೇ ಬಗೆಯದು ಹೆಚ್ಚಾಗಿತ್ತೆಂಬುದು ನನ್ನ ದೂರು.

ಓದಬಯಸುವವರು ಮೊದಲನೆಯದನ್ನು ಸಾಹಿತ್ಯವೆಂದು ಓದಲಿ. ಮನೆಯಲ್ಲಿ ಇಂಥ ರೋಗಿಯಿರುವವರು ಎರಡನೆಯದನ್ನು ಪೆನ್ಸಿಲು ಹಿಡಿದು ಓದಲಿ. ಸಾಧ್ಯವಿದ್ದರೆ ರೋಗಿಯ ಪಕ್ಕದಲ್ಲಿಯೇ ಕುಳಿತು, ಒಂದೊಂದು ಪುಟಕ್ಕೂ ‘ನಿಮಗೆ ಹೇಗೆ ಅನಿಸುತ್ತದೆ’ ಎಂದು ಕೇಳುತ್ತ ಓದಲಿ. ಉತ್ತರ ನಿಧಾನವಾಗಿ ಬಂದೀತು, ಕಾಯಬೇಕು. ಬಂದ ಉತ್ತರವನ್ನು ಅಂದೇ, ಅವರ ಮಾತಿನಲ್ಲಿಯೇ, ತಾರೀಖು ಹಾಕಿ ಬರೆದಿಡಬೇಕು.