ಜಯಂತಿಯ ಗುಡಿಸು

ಹುಡುಕಬೇಕಾದ ಪಠ್ಯದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ರೆಜೆಕ್ಸ್ ಪಂಗಡದವರೊಂದಿಗೆ ಈ ಅಂಕಣಕ್ಕೆ ಹಳೆಯ ತಕರಾರಿದೆ. ಈ ವಾರ ಅದನ್ನು ಇತ್ಯರ್ಥ ಮಾಡಿಬಿಡೋಣ. ತಕರಾರಿಗೆ ಕಾರಣವಾದ ಕೆಲಸ ತೀರಾ ಸಣ್ಣದು. ಒಂದು ಸ್ಟ್ರಿಂಗ್ ಇದೆ, ಅದರಲ್ಲಿ ಮೊದಲೇ ಗೊತ್ತಿರುವ ಎರಡು ಗುರುತುಗಳಿವೆ, ಅವುಗಳ ನಡುವೆ ಇರುವುದನ್ನಷ್ಟೇ ಎತ್ತಿಕೊಳ್ಳಬೇಕು. ‘ಹೆಸರು:’ ಎಂಬುದಕ್ಕೂ ಅರ್ಧವಿರಾಮಕ್ಕೂ ನಡುವಿನ ಹೆಸರು, ಲಾಗ್ ಫೈಲಿನ ಚೌಕಾವರಣದೊಳಗಿನ ಸಮಯ, ಎರಡು ಟ್ಯಾಗ್‌ಗಳ ನಡುವಿನ ಶೀರ್ಷಿಕೆ. ಕೆಲಸ ಹೇಳಿದ ಕೂಡಲೇ ಬಹಳ ಮಂದಿಯ ಬೆರಳು ಚುಕ್ಕಿ, ನಕ್ಷತ್ರ, ಪ್ರಶ್ನಾರ್ಥಕಗಳ ಕಡೆಗೇ ಓಡುತ್ತದೆ. ಓಡಬಾರದು ಎಂಬುದು ಇಲ್ಲಿನ ವಾದ.

ರೆಜೆಕ್ಸ್ ಮೇಲೆ ಅಗೌರವವೇನೂ ಇಲ್ಲ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ಕಾಗದದ ಮೇಲೆ ಕಟ್ಟಿದ ಕಲ್ಪನೆಯನ್ನು ಕೆನ್ ಥಾಂಪ್ಸನ್ 1968ರಲ್ಲಿ ಪಠ್ಯ ಹುಡುಕುವ ವಿಧಾನವಾಗಿ ಮಾಡಿ ಪ್ರಕಟಿಸಿದ್ದು ಕಂಪ್ಯೂಟರ್ ಚರಿತ್ರೆಯ ದೊಡ್ಡ ಕೆಲಸಗಳಲ್ಲೊಂದು. ಹುಡುಕಬೇಕಾದದ್ದರ ಆಕಾರ ಗೊತ್ತಿದ್ದು ಅಕ್ಷರಗಳು ಗೊತ್ತಿಲ್ಲದಾಗ, ಹತ್ತಂಕಿಯ ಮೊಬೈಲ್ ನಂಬರಿಗೋ ಪಿನ್ ಕೋಡಿಗೋ, ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಇಲ್ಲಿ ಹಾಗಲ್ಲ. ಎರಡು ಗುರುತುಗಳೂ ಅಕ್ಷರಶಃ ಗೊತ್ತಿವೆ. ಗೊತ್ತಿರುವುದನ್ನು ಒಗಟಾಗಿ ಬರೆದು, ಆ ಒಗಟನ್ನು ಕಂಪ್ಯೂಟರಿನಿಂದ ಬಿಡಿಸುವುದರಲ್ಲಿ ಲಾಭವಿಲ್ಲ.

ನಷ್ಟವಂತೂ ಇದೆ. ಲೆಕ್ಕಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಮೊತ್ತ (ರೂ.)’ ಎಂಬ ತಲೆಬರಹವನ್ನೇ ಗುರುತಾಗಿ ಇಟ್ಟುಕೊಳ್ಳೋಣ. ರೆಜೆಕ್ಸ್‌ಗೆ ಆವರಣವೆಂದರೆ ಆವರಣವಲ್ಲ, ಗುಂಪು. ಚುಕ್ಕಿಯೆಂದರೆ ಚುಕ್ಕಿಯಲ್ಲ, ಯಾವುದಾದರೂ ಒಂದು ಅಕ್ಷರ. ಇದ್ದದ್ದನ್ನು ಇದ್ದ ಹಾಗೆ ಕೊಟ್ಟರೆ ಅದು ಆವರಣವೇ ಇಲ್ಲದ ‘ಮೊತ್ತ ರೂ’ ಎಂಬುದನ್ನು ಹುಡುಕುತ್ತದೆ. ಕಣ್ಣೆದುರೇ ಇರುವ ತಲೆಬರಹ ಅದಕ್ಕೆ ಕಾಣುವುದಿಲ್ಲ. ಪ್ರತಿ ಚಿಹ್ನೆಯ ಹಿಂದೆಯೂ ಓರೆಗೆರೆ ಹಾಕಿ ಅದರ ವಿಶೇಷಾರ್ಥವನ್ನು ಕಳೆಯಬೇಕು. ಪೈಥಾನ್‌ನಲ್ಲಿ ಅದಕ್ಕೆಂದೇ ‘ಎಸ್ಕೇಪ್’ ಎಂಬ ಫಂಕ್ಷನ್ ಇದೆ. ಕೋಡ್‌ನಲ್ಲಿ ಅದು ಇರಬೇಕಾದ ಕಡೆ ಇಲ್ಲದಿರುವುದೇ ಹೆಚ್ಚು.

ಇನ್ನು ಹೊಟ್ಟೆಬಾಕತನದ ಮಾತು. ‘[ರಾಗಿ] ಮತ್ತು [ಜೋಳ].’ ಎಂಬ ಸಾಲಿನಲ್ಲಿ ಚೌಕಾವರಣದ ನಡುವಿನದನ್ನು ಚುಕ್ಕಿ-ನಕ್ಷತ್ರದಿಂದ, ಅಂದರೆ ‘ಯಾವ ಅಕ್ಷರವಾದರೂ ಎಷ್ಟಾದರೂ’ ಎಂದು, ಕೇಳಿದರೆ ಕೈಗೆ ಬರುವುದು ‘ರಾಗಿ] ಮತ್ತು [ಜೋಳ’. ಇದಕ್ಕೆ ಮದ್ದೆಂದು 1994ರ ಪರ್ಲ್ 5 ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತಂದಿತು: ಆದಷ್ಟು ಕಡಿಮೆ ತಿನ್ನು ಎಂದು ಅದರ ಅಪ್ಪಣೆ. ರೆಜೆಕ್ಸ್ ಪಂಗಡ ಪ್ರತಿ ವಾದದಲ್ಲೂ ಹಿಡಿದು ತೋರಿಸುವುದು ಈ ಚಿಹ್ನೆಯನ್ನೇ. ಆದರೆ ಕಡಿಮೆ ತಿನ್ನು ಎನ್ನುವುದು ಬೇರೆ, ಬೇಲಿ ದಾಟಬೇಡ ಎನ್ನುವುದು ಬೇರೆ. ಅದೇ ಸಾಲಿನಲ್ಲಿ, ಮುಂದೆ ಪೂರ್ಣವಿರಾಮ ಇರುವ ಆವರಣ ಮಾತ್ರ ಬೇಕು ಎಂದು ಒಂದು ಷರತ್ತು ಸೇರಿಸಿ ನೋಡಿ. ಮೊದಲ ಮುಚ್ಚಾವರಣದ ಮುಂದೆ ಪೂರ್ಣವಿರಾಮವಿಲ್ಲ, ಹಾಗಾಗಿ ಪ್ರಶ್ನಾರ್ಥಕವಿದ್ದರೂ ಹುಡುಕಾಟ ಅದನ್ನು ದಾಟಿ ಹೋಗಿ ಮತ್ತೆ ‘ರಾಗಿ] ಮತ್ತು [ಜೋಳ’ವನ್ನೇ ತಂದೊಪ್ಪಿಸುತ್ತದೆ. ‘ಮುಚ್ಚಾವರಣವಲ್ಲದ ಅಕ್ಷರಗಳು’ ಎಂದು ಬಿಡಿಸಿ ಬರೆದರಷ್ಟೇ ಬೇಲಿ ಬೇಲಿಯಾಗುತ್ತದೆ.

ಇಂಥ ‘ಏನಾದರೂ ಇರಲಿ’ ಎಂಬ ಉದಾರತೆಗೆ ಬೆಲೆ ತೆತ್ತವರಿದ್ದಾರೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಕಂಪನಿ ತನ್ನ ಭದ್ರತಾ ನಿಯಮಗಳಿಗೆ ಸೇರಿಸಿದ ಹೊಸ ರೆಜೆಕ್ಸ್ ಒಂದರ ತಿರುಳು ಇಷ್ಟೇ: ಏನಾದರೂ, ಮತ್ತೆ ಏನಾದರೂ, ಒಂದು ಸಮ ಚಿಹ್ನೆ, ಆಮೇಲೆ ಏನಾದರೂ. ಎರಡು ‘ಏನಾದರೂ’ಗಳ ನಡುವೆ ಅಕ್ಷರಗಳನ್ನು ಹೇಗೆ ಹಂಚಬೇಕೆಂದು ಎಲ್ಲ ಬಗೆಯಲ್ಲೂ ಹಿಂದೆ ಮುಂದೆ ಓಡಾಡಿ ನೋಡುವುದರಲ್ಲೇ ಜಗತ್ತಿನಾದ್ಯಂತ ಅವರ ಸರ್ವರ್‌ಗಳು ಸುಸ್ತಾದವು. 27 ನಿಮಿಷ ಅವರನ್ನು ನೆಚ್ಚಿಕೊಂಡ ತಾಣಗಳು ತೆರೆಯಲಿಲ್ಲ. ಇದನ್ನೆಲ್ಲ ಕಂಪನಿಯೇ ಎಳೆಎಳೆಯಾಗಿ ಬರೆದು ಪ್ರಕಟಿಸಿತು.

ಹಾಗಾದರೆ ಸರಿಯಾದ ದಾರಿ? ಮೊದಲ ಗುರುತನ್ನು ಹುಡುಕು, ಅದರ ಉದ್ದವನ್ನು ಕೂಡಿಸು, ಅಲ್ಲಿಂದ ಮುಂದಕ್ಕೆ ಎರಡನೆಯ ಗುರುತನ್ನು ಹುಡುಕು, ಎರಡು ಸ್ಥಾನಗಳ ನಡುವಿನದನ್ನು ಕತ್ತರಿಸು. ಈ ಕತ್ತರಿಸುವಿಕೆಯಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಎಂಬ ತಾಪತ್ರಯವೇ ಬಾರದಿರುವುದಕ್ಕೆ ಕಾರಣ ತಿಳಿಯಬೇಕೆಂದರೆ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಇಡಬ್ಲ್ಯುಡಿ 831ನೇ ಟಿಪ್ಪಣಿ ಓದಬೇಕು. ಅದು 1982ರ ಆಗಸ್ಟ್ 11ರ ತಾರೀಖಿನ, ಕೈಬರಹದ ಕೆಲವೇ ಪುಟಗಳ ಬರಹ. ಎರಡರಿಂದ ಹನ್ನೆರಡರವರೆಗಿನ ಸಂಖ್ಯೆಗಳನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು ಎಂದು ಅವರು ಶುರುಮಾಡುತ್ತಾರೆ: ಎರಡೂ ತುದಿ ಸೇರಿಸಿ, ಎರಡೂ ಬಿಟ್ಟು, ಒಂದನ್ನು ಸೇರಿಸಿ ಇನ್ನೊಂದನ್ನು ಬಿಟ್ಟು. ಒಂದು ತುದಿಯನ್ನು ಸೇರಿಸಿ ಇನ್ನೊಂದನ್ನು ಬಿಟ್ಟಾಗ ಮಾತ್ರ ಎರಡು ತುದಿಗಳ ವ್ಯತ್ಯಾಸವೇ ಉದ್ದವಾಗುತ್ತದೆ. ಒಂದು ತುಂಡು ಮುಗಿಯುವ ಸಂಖ್ಯೆಯಲ್ಲೇ ಮುಂದಿನ ತುಂಡು ಶುರುವಾಗುತ್ತದೆ. ಅಂಥ ಎರಡು ಬಗೆಗಳಲ್ಲೂ ಮೊದಲ ತುದಿಯನ್ನು ಸೇರಿಸಿ ಕೊನೆಯದನ್ನು ಬಿಡುವುದೇ ಲೇಸು, ಏಕೆಂದರೆ ಇನ್ನೊಂದರಲ್ಲಿ ಸೊನ್ನೆಯಿಂದ ಶುರುವಾಗುವ ತುಂಡಿಗೆ ಋಣ ಸಂಖ್ಯೆ ಬರೆಯಬೇಕಾಗುತ್ತದೆ. ಝೆರಾಕ್ಸ್ ಪಾರ್ಕ್‌ನ ಮೆಸಾ ಭಾಷೆಯಲ್ಲಿ ನಾಲ್ಕೂ ಬಗೆಗೆ ಅವಕಾಶವಿತ್ತೆಂದೂ, ಉಳಿದ ಮೂರರಿಂದ ತಪ್ಪುಗಳು ನಿಲ್ಲಲೇ ಇಲ್ಲವೆಂದೂ ಅವರು ಅನುಭವದ ಸಾಕ್ಷಿ ಕೊಡುತ್ತಾರೆ. ಪೈಥಾನ್‌ನ ಸ್ಲೈಸ್, ಅಂದರೆ ಸ್ಟ್ರಿಂಗ್ ಕತ್ತರಿ, ನಡೆಯುವುದು ಇದೇ ದಾರಿಯಲ್ಲಿ. ಎರಡನೆಯ ಗುರುತು ಸಿಕ್ಕ ಸ್ಥಾನವೇ ಕತ್ತರಿಯ ಸ್ಥಾನ. ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಅಪಾಯ ಇರುವುದು ಬೇರೆ ಕಡೆ. ಗುರುತು ಸಿಗದಿದ್ದರೆ ಪೈಥಾನ್‌ನ ‘ಫೈಂಡ್’ ಕೊಡುವ ಉತ್ತರ ಮೈನಸ್ ಒಂದು. ಅದೇ ಭಾಷೆಯ ಸ್ಲೈಸ್‌ನಲ್ಲಿ ಮೈನಸ್ ಒಂದೆಂದರೆ ‘ಕೊನೆಯ ಅಕ್ಷರದ ಹಿಂದಿನವರೆಗೆ’. ‘ಹೆಸರು:ಜಯಂತಿ’ ಎಂಬ ಸಾಲಿನಲ್ಲಿ ಟೈಪ್ ಮಾಡಿದವರು ಕೊನೆಯ ಅರ್ಧವಿರಾಮ ಮರೆತಿದ್ದಾರೆ ಎನ್ನೋಣ. ಹುಡುಕಾಟ ಮೈನಸ್ ಒಂದು ಎನ್ನುತ್ತದೆ, ಕತ್ತರಿ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನು ಕೊಡುತ್ತದೆ. ಯೂನಿಕೋಡ್‌ನಲ್ಲಿ ಜಯಂತಿಯ ಕೊನೆಯದು ‘ತಿ’ ಅಲ್ಲ, ಅದರ ತಲೆಯ ಮೇಲಿನ ಗುಡಿಸು. ಗುಡಿಸು ಬಿತ್ತು, ಉಳಿದದ್ದು ‘ಜಯಂತ’. ಎರರ್ ಬರಲಿಲ್ಲ, ಚೌಕಾಕಾರದ ವಿಚಿತ್ರ ಚಿಹ್ನೆ ಮೂಡಲಿಲ್ಲ, ಪಟ್ಟಿ ನೋಡಿದವರಿಗೆ ಅನುಮಾನವೂ ಬರುವುದಿಲ್ಲ, ಏಕೆಂದರೆ ಜಯಂತ ಎಂಬುದೂ ಒಳ್ಳೆಯ ಹೆಸರೇ. ಶಾಂತಿ ಹೀಗೇ ಶಾಂತ ಆಗುತ್ತಾಳೆ. ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ ಹೋದರೆ ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಸ್ವರಚಿಹ್ನೆಯೊಂದೇ ಹೋದರೆ ಪದ ಎಷ್ಟೋ ಸಲ ಪದವಾಗಿಯೇ ಉಳಿಯುತ್ತದೆ. ಕನ್ನಡದ ದತ್ತಾಂಶದೊಡನೆ ಕೆಲಸ ಮಾಡುವವರು ಈ ಮೈನಸ್ ಒಂದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಬೇಕು.

ಜಾವಾಸ್ಕ್ರಿಪ್ಟ್‌ನ ‘ಸಬ್‌ಸ್ಟ್ರಿಂಗ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮೈನಸ್ ಒಂದನ್ನು ಸೊನ್ನೆ ಎಂದು ಓದಿಕೊಂಡು, ಆರಂಭಕ್ಕಿಂತ ಕೊನೆ ಚಿಕ್ಕದಾಯಿತೆಂದು ಎರಡನ್ನೂ ಅದಲು ಬದಲು ಮಾಡುತ್ತದೆ. ಜಯಂತಿಯ ಬದಲು ಕೈಗೆ ಸಿಗುವುದು ‘ಹೆಸರು:’ ಎಂಬ ಗುರುತೇ.

ಮದ್ದು ಭಾಷೆಗಳೊಳಗೇ ಇದೆ. ಪೈಥಾನ್ 2.5ರಲ್ಲಿ, ಅಂದರೆ 2006ರಲ್ಲಿ, ‘ಪಾರ್ಟಿಷನ್’ ಬಂತು. ಅದು ಸ್ಥಾನದ ಸಂಖ್ಯೆಯನ್ನೇ ಕೊಡುವುದಿಲ್ಲ. ಗುರುತಿನ ಹಿಂದಿನದು, ಗುರುತು, ಮುಂದಿನದು ಎಂದು ಮೂರು ತುಂಡು ಕೊಡುತ್ತದೆ. ಗುರುತು ಸಿಗದಿದ್ದರೆ ನಡುವಿನ ತುಂಡು ಖಾಲಿ. ಗೋ ಭಾಷೆ 2022ರ ಮಾರ್ಚ್‌ನಲ್ಲಿ 1.18ನೇ ಆವೃತ್ತಿಯೊಂದಿಗೆ ‘ಕಟ್’ ಎಂಬುದನ್ನು ಕೊಟ್ಟಿತು. ಸಿಕ್ಕಿತೋ ಇಲ್ಲವೋ ಎಂಬುದೇ ಅದರ ಮೂರನೆಯ ಉತ್ತರ. ಸಿಕ್ಕದ್ದಕ್ಕೂ ಸಿಗದದ್ದಕ್ಕೂ ವ್ಯತ್ಯಾಸ ತಿಳಿಯಲೇಬೇಕು. ‘ಪಡೆದವರು:ರೂಪಾ ರೂ. 500’ ಎಂಬ ಸಾಲಿನಲ್ಲಿ ಕೊನೆಯ ಗುರುತನ್ನು ಚುಕ್ಕಿ ಬಿಟ್ಟು ಬರೀ ‘ರೂ’ ಎಂದಿಟ್ಟರೆ ಅದು ಸಿಗುವುದು ರೂಪಾಳ ಹೆಸರಿನ ಮೊದಲಲ್ಲೇ. ನಡುವೆ ಉಳಿಯುವುದು ಶೂನ್ಯ. ಇಲ್ಲಿ ಖಾಲಿ ಸ್ಟ್ರಿಂಗ್ ಬಂದದ್ದು ಗುರುತು ಸಿಗಲಿಲ್ಲವೆಂದಲ್ಲ, ಸಿಗಬಾರದ ಕಡೆ ಸಿಕ್ಕಿತೆಂದು.

ತಕರಾರು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ರೂಪಾಳ ಉದಾಹರಣೆ ಅದಕ್ಕಿಂತ ದೊಡ್ಡ ಮಾತನ್ನು ಎತ್ತುತ್ತದೆ, ಅದು ಎರಡೂ ಪಂಗಡಕ್ಕೂ ಸೇರಿದ್ದು. ಗುರುತು ಒಳಗಿನ ಪಠ್ಯದಲ್ಲಿ ಬರುವುದಿಲ್ಲವೆಂದು ಮಾತು ಕೊಟ್ಟವರು ಯಾರು? ‘ತಂದೆಯ ಹೆಸರು:’ ಎಂಬ ಕಾಲಂ ಮೊದಲು ಬರುವ ಅರ್ಜಿಯಲ್ಲಿ ‘ಹೆಸರು:’ ಎಂದು ಹುಡುಕಿದರೆ ಮಗಳ ಜಾಗಕ್ಕೆ ಅಪ್ಪ ಬಂದು ಕೂರುತ್ತಾರೆ. ರೆಜೆಕ್ಸ್ ಬಳಸಿದರೂ ಅಷ್ಟೇ, ಕತ್ತರಿ ಬಳಸಿದರೂ ಅಷ್ಟೇ.

ಈ ಮಾತು ಕೊಡುವ ಕೆಲಸವನ್ನು ಇಮೇಲ್ ರೂಪಿಸಿದವರು ಎರಡು ಬಗೆಯಲ್ಲಿ ಮಾಡಿದರು. ಡೈಕ್‌ಸ್ಟ್ರಾ ಟಿಪ್ಪಣಿ ಬರೆದ ಅದೇ 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಅವರ ಇಮೇಲ್ ಸಾಗಣೆಯ ನಿಯಮಾವಳಿ ಆರ್‌ಎಫ್‌ಸಿ 821 ಹೊರಬಂತು. ಪತ್ರ ಮುಗಿಯಿತೆಂಬುದಕ್ಕೆ ಅದರಲ್ಲಿರುವ ಗುರುತು, ಒಂದೇ ಒಂದು ಚುಕ್ಕಿ ಇರುವ ಸಾಲು. ಬರೆದವರೇ ಅಂಥ ಸಾಲು ಬರೆದಿದ್ದರೆ? ಚುಕ್ಕಿಯಿಂದ ಶುರುವಾಗುವ ಪ್ರತಿ ಸಾಲಿಗೂ ಕಳಿಸುವ ಯಂತ್ರ ಇನ್ನೊಂದು ಚುಕ್ಕಿ ಸೇರಿಸಬೇಕು, ಪಡೆಯುವ ಯಂತ್ರ ಅದನ್ನು ತೆಗೆಯಬೇಕು. ಪತ್ರ ಬರೆದಂತೆಯೇ ಮುಟ್ಟುತ್ತದೆ. ಯೂನಿಕ್ಸ್‌ನ ಎಂಬಾಕ್ಸ್ ಎಂಬ, ಪತ್ರಗಳನ್ನೆಲ್ಲ ಒಟ್ಟಿಗಿಡುವ ಕಡತದ ಕಥೆ ಬೇರೆ. ಅಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದ ಮತ್ತು ಒಂದು ಖಾಲಿ ಜಾಗದಿಂದ ಶುರುವಾಗುವ ಸಾಲೆಂದರೆ ಹೊಸ ಪತ್ರ. ಪತ್ರದ ನಡುವಿನ ಪ್ಯಾರಾ ಅದೇ ಪದದಿಂದ ಶುರುವಾದರೆ ಪತ್ರ ಎರಡಾಗಬಾರದೆಂದು ಆ ಸಾಲಿನ ಮೊದಲಿಗೆ ಒಂದು ‘>’ ಚಿಹ್ನೆ ಸೇರಿಸುವ ರೂಢಿ ಬಂತು. ಆದರೆ ಬರೆದವರೇ ‘>’ ಹಾಕಿದ್ದ ಸಾಲಿಗೆ ಇನ್ನೊಂದನ್ನು ಸೇರಿಸಲಿಲ್ಲ. ಹಾಗಾಗಿ ಓದುವಾಗ ಯಾವುದು ಬರೆದವರದ್ದು, ಯಾವುದು ಯಂತ್ರದ್ದು ಎಂದು ಬೇರ್ಪಡಿಸುವ ದಾರಿಯೇ ಉಳಿಯಲಿಲ್ಲ. ಹಳೆಯ ಪತ್ರಸಂಗ್ರಹಗಳಲ್ಲಿ ಆ ಚಿಹ್ನೆ ಇಂದಿಗೂ ಪದಕ್ಕೆ ಅಂಟಿಕೊಂಡೇ ಇದೆ. ಚುಕ್ಕಿಯ ನಿಯಮ ಎಲ್ಲ ಚುಕ್ಕಿಗೂ ಅನ್ವಯಿಸಿತು, ‘ಫ್ರಮ್’ ನಿಯಮ ಅರ್ಧಕ್ಕೇ ನಿಂತಿತು, ವ್ಯತ್ಯಾಸ ಅಷ್ಟೇ.

ಗುರುತಿನ ಹಂಗೇ ಬೇಡವೆನ್ನುವ ಮೂರನೆಯ ದಾರಿಯೂ ಇದೆ: ಉದ್ದವನ್ನು ಮೊದಲೇ ಹೇಳಿಬಿಡುವುದು. ಹಳೆಯ ಫೋರ್‌ಟ್ರಾನ್‌ನಲ್ಲಿ ಅಕ್ಷರಗಳ ಸಂಖ್ಯೆ, ಹರ್ಮನ್ ಹಾಲರಿತ್ ನೆನಪಿನ ಎಚ್, ಆಮೇಲೆ ಅಷ್ಟೇ ಅಕ್ಷರಗಳನ್ನು ಬರೆಯುತ್ತಿದ್ದರು. ಕೈಯಲ್ಲಿ ಎಣಿಸಿದ್ದು ಒಂದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಡಿ. ಜೆ. ಬರ್ನ್‌ಸ್ಟೈನ್ 1997ರಲ್ಲಿ ಸೂಚಿಸಿದ ನೆಟ್‌ಸ್ಟ್ರಿಂಗ್ ಅದೇ ವಿಚಾರವನ್ನು ಎಣಿಕೆ ತಪ್ಪದ ಯಂತ್ರದ ಕೈಗೆ ಕೊಟ್ಟಿತು. ಅಲ್ಲಿ ಎಣಿಸುವುದು ಬೈಟ್‌ಗಳನ್ನು. ಜಯಂತಿ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್.

ಈ ಎಣಿಕೆಯ ಗೊಂದಲ ನಮ್ಮ ಗುರುತುಗಳನ್ನೂ ಬಿಡುವುದಿಲ್ಲ. ‘ಫೋನ್:’ ಎಂಬ ಗುರುತಿನ ‘ಫೋ’ದಲ್ಲಿರುವ ಓಕಾರಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವೂ ಇದೆ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘ ಎಂದು ಮೂರಾಗಿ ಬಿಡಿಸಿದ ರೂಪವೂ ಇದೆ. ಪರದೆಯ ಮೇಲೆ ಎರಡೂ ಒಂದೇ. ಒಂದು ರೂಪದ ಗುರುತು ಹಿಡಿದು ಇನ್ನೊಂದು ರೂಪದ ಪಠ್ಯದಲ್ಲಿ ಹುಡುಕಿದರೆ ಮತ್ತೆ ಅದೇ ಮೈನಸ್ ಒಂದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು, ಹಾಗಾಗಿ ಅಲ್ಲಿಂದ ಬಂದ ಪಟ್ಟಿಗಳನ್ನು ವಿಶೇಷವಾಗಿ ಗಮನಿಸಬೇಕು. ಹುಡುಕುವ ಮುನ್ನ ಗುರುತನ್ನೂ ಪಠ್ಯವನ್ನೂ ಸಂಕೇತಗಳನ್ನು ಕೂಡಿಸಿದ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಹಾಗೆ ತಂದ ಮೇಲೆ ಕತ್ತರಿಸುವುದೂ ಆ ಹೊಸ ಪಠ್ಯವನ್ನೇ ಆಗಿರಬೇಕು. ಬಿಡಿಸಿದ ರೂಪದಲ್ಲಿ ‘ಫೋನ್:’ ಏಳು ಸಂಕೇತ, ಕೂಡಿಸಿದ ರೂಪದಲ್ಲಿ ಐದು. ಕೂಡಿಸಿದ ರೂಪದಲ್ಲಿ ಸಿಕ್ಕ ಸ್ಥಾನವನ್ನು ಬಿಡಿಸಿದ ರೂಪದ ಮೇಲೆ ಇಟ್ಟರೆ ಕತ್ತರಿ ಎರಡು ಸಂಕೇತ ಹಿಂದೆಯೇ ಬೀಳುತ್ತದೆ.