ರಾಜ ಅವನ ಮುಕುಟ

‘ಇಟ್ಸ್’ ಎಂಬ ಸರ್ವನಾಮಕ್ಕೆ ಅಪಾಸ್ಟ್ರಫಿ ಏಕೆ ನಿಷಿದ್ಧವೆಂಬುದನ್ನು ಈ ವಾರ ನಿರೂಪಿಸುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನಾದರೂ, ಲೇಖನಿ ಹಿಡಿದು ಕುಳಿತೊಡನೆ ಅದರ ಹಿರಿಯ ದಾಯಾದಿಯಾದ ‘ಹಿಸ್’ ಬಂದು ಅಡ್ಡ ನಿಂತುದರಿಂದ, ಮೊದಲು ಅದರ ವ್ಯಾಜ್ಯವನ್ನು ತೀರಿಸದೆ ಗತ್ಯಂತರವಿಲ್ಲ.

ಹದಿನಾರು, ಹದಿನೇಳನೆಯ ಶತಮಾನಗಳ ಆಂಗ್ಲರು ‘ರಾಜನ ಮುಕುಟ’ ಎನ್ನಬೇಕಾದಲ್ಲಿ ‘ರಾಜ ಅವನ ಮುಕುಟ’ ಎಂಬಂತೆ ‘ದಿ ಕಿಂಗ್ ಹಿಸ್ ಕ್ರೌನ್’ ಎಂದು ಬರೆಯುತ್ತಿದ್ದುದುಂಟು. 1605ರಲ್ಲಿ ಅಚ್ಚಾದ ಬೆನ್ ಜಾನ್ಸನ್ನನ ನಾಟಕದ ಹೆಸರೇ ‘ಸೆಜೇನಸ್ ಹಿಸ್ ಫಾಲ್’. ಇದನ್ನು ಕಂಡವರು ‘ಕಿಂಗ್ಸ್’ ಎಂಬಲ್ಲಿಯ ಸಕಾರವು ‘ಹಿಸ್’ನ ಅವಶೇಷವೆಂದೂ, ಅಪಾಸ್ಟ್ರಫಿಯು ಲೋಪವಾದ ಅಕ್ಷರಗಳ ಗುರುತೆಂದೂ ಬಗೆದರು. 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಅಡಿಸನ್ನನಂಥ ಗದ್ಯಶಿಲ್ಪಿಯೂ ಆ ಸಕಾರವನ್ನು ಪೂರ್ವಿಕರ ‘ಹಿಸ್’, ‘ಹರ್’ಗಳ ಪ್ರತಿನಿಧಿಯೆಂದು ಸಾರಿದುದು, ಅವನ ಭಕ್ತನಾದ ನನಗೆ ಇಂದಿಗೂ ಸಂಕಟದ ಸಂಗತಿ.

ಈ ಮತವನ್ನು ಖಂಡಿಸಿದವನು ಕೋಶಕಾರ ಜಾನ್ಸನ್ (ನಾಟಕಕಾರನಿಗಿಂತ ಈತನ ಕಾಗುಣಿತದಲ್ಲಿ ಒಂದು ಹಕಾರ ಹೆಚ್ಚು). 1755ರ ನಿಘಂಟಿಗೆ ಪೀಠಿಕೆಯಾಗಿ ಸೇರಿಸಿದ ವ್ಯಾಕರಣದಲ್ಲಿ ಅವನು ಹೂಡಿದ ವಾದ ಸರಳವಾದುದು: ಯೋಧನ ಶೌರ್ಯಕ್ಕೆ ‘ಅವನ’ ಎಂಬುದು ಒಪ್ಪೀತು, ಸ್ತ್ರೀಯ ಸೌಂದರ್ಯಕ್ಕೂ ಜನಸ್ತೋಮದ ಅವಿವೇಕಕ್ಕೂ ಅದೇ ಸಕಾರ ಹತ್ತುವಾಗ ಅಲ್ಲಿ ‘ಅವನು’ ಯಾರು? ಅಲ್ಲಿರುವುದು ‘ಹರ್’ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಆ ಶಬ್ದದಲ್ಲಿ ಸಕಾರವೆಲ್ಲಿದೆ? ‘ಹಿಸ್’ನ ತುದಿಯ ಸಕಾರವೇ ಷಷ್ಠಿಯ ಪ್ರತ್ಯಯವಾಗಿರುವಾಗ, ಮಗನಿಂದ ತಾಯಿ ಹುಟ್ಟಿದಳೆಂಬ ಸಿದ್ಧಾಂತ ಇದು. ಪ್ರಾಚೀನ ಇಂಗ್ಲಿಷಿನ ಬಹುಪಾಲು ಪುಲ್ಲಿಂಗ, ನಪುಂಸಕ ನಾಮಗಳಿಗೆ ಎಕಾರ ಸಕಾರಗಳು ಕೂಡಿದ ಪ್ರತ್ಯಯ ಹತ್ತುತ್ತಿದ್ದು, ಕಾಲಕ್ರಮದಲ್ಲಿ ಎಕಾರ ಸವೆದು, ನಮ್ಮ ‘ಮರದ’, ‘ರಾಜನ’ ಎಂಬಲ್ಲಿಯ ಅಕಾರದಂತೆ ಸಕಾರವೊಂದೇ ಉಳಿಯಿತು.

ಪ್ರಸಂಗವಶಾತ್ ಹೇಳುವುದಾದರೆ, ಈ ವಿಭಕ್ತಿಗೆ ಬರಿಯ ಸಂಖ್ಯೆಯನ್ನು ಕೊಟ್ಟು ಸುಮ್ಮನಾದ ನಮ್ಮ ವೈಯಾಕರಣರು ಜಾಣರು. ಒಡೆತನದ ಹೆಸರಿಟ್ಟ ಇಂಗ್ಲಿಷಿನವರು ‘ಎ ಡೇಸ್ ಜರ್ನಿ’ ಎಂಬಲ್ಲಿ ದಿನವನ್ನು ಪ್ರಯಾಣದ ಯಜಮಾನನನ್ನಾಗಿ ಮಾಡಬೇಕಾಯಿತು.

ಇನ್ನು ‘ಇಟ್ಸ್’. 1611ರ ಬೈಬಲ್ ಭಾಷಾಂತರದ ಮೊದಲ ಮುದ್ರಣದಲ್ಲಿ ಆ ರೂಪವೇ ಇಲ್ಲ. ಉಪ್ಪಿನ ರುಚಿಗೂ ಅಲ್ಲಿ ‘ಹಿಸ್’, ಏಕೆಂದರೆ ಹಿಂದೆ ನಪುಂಸಕಕ್ಕೂ ಅದೇ ಷಷ್ಠಿ. ತರುವಾಯ ಬಳಕೆ ಹೆಚ್ಚಿದ ‘ಇಟ್ಸ್’ ಹದಿನೆಂಟನೆಯ ಶತಮಾನದಲ್ಲಿಯೂ ಅನೇಕ ವಿದ್ಯಾವಂತರ ಕೈಯಲ್ಲಿ ಅಪಾಸ್ಟ್ರಫಿಯನ್ನು ಧರಿಸಿಯೇ ಇತ್ತು. ಹೈಸ್ಕೂಲಿನಲ್ಲಿ ಅದೇ ಕೊಕ್ಕೆಗಾಗಿ ಮೇಷ್ಟರ ಬೆತ್ತದೇಟಿಗೆ ನನ್ನ ಬಲ ಅಂಗೈ ಬಾತು, ಎರಡು ದಿನ ಎಡಗೈಯಲ್ಲಿ ಉಣ್ಣಬೇಕಾಯಿತು. ಆ ಮಹನೀಯರಿಗೆ ಹೇಳಲು ಇಷ್ಟೆಲ್ಲ ಆಗ ನನಗೆ ತಿಳಿದಿರಲಿಲ್ಲ.