‘ಅಟೋನ್‌ಮೆಂಟ್’: ಪದವಿಭಜನೆಯೂ ಬೋಧನೆಯೂ

ಶುಭ ಶುಕ್ರವಾರದ ಪ್ರಸಂಗಗಳಲ್ಲಿ ‘ಅಟೋನ್‌ಮೆಂಟ್’ ಎಂಬ ಇಂಗ್ಲಿಷ್ ಪದವನ್ನು ‘ಅಟ್-ಒನ್-ಮೆಂಟ್’ ಎಂದು ಮೂರಾಗಿ ಒಡೆದು, ಶಿಲುಬೆಯ ಅರ್ಥವೆಲ್ಲ ಅದರಲ್ಲಿಯೇ ಅಡಗಿದೆಯೆಂದು ವಿವರಿಸುವ ರೂಢಿಯುಂಟು. ಈ ರೂಢಿ ಎಷ್ಟರ ಮಟ್ಟಿಗೆ ನಿಲ್ಲುತ್ತದೆ?

ವ್ಯುತ್ಪತ್ತಿ ಸುಳ್ಳಲ್ಲ. ‘ಒಂದಾಗಿರುವುದು’ ಎಂಬ ಅರ್ಥದ ‘ಅಟ್ ಒನ್’ ಎಂಬ ನುಡಿಗಟ್ಟಿನಿಂದಲೇ ಪದ ಹುಟ್ಟಿತು. ಇಂದಿನ ಉಚ್ಚಾರಣೆಯಲ್ಲಿ ಒತ್ತು ನಡುವಣ ‘ಟೋನ್’ ಮೇಲೆ ಬೀಳುವುದರಿಂದ ಆ ಮೂಲ ಮರೆಯಾಗಿದೆ. ‘ಒನ್’ ಎಂಬುದನ್ನು ಹಿಂದೆ ‘ಓನ್’ ಎಂಬಂತೆ ನುಡಿಯುತ್ತಿದ್ದರು. ‘ಅಲೋನ್’, ‘ಓನ್ಲಿ’ ಎಂಬ ಪದಗಳು ಆ ಹಳೆಯ ಧ್ವನಿಯನ್ನು ಉಳಿಸಿಕೊಂಡಿವೆ. ವಿಲಿಯಂ ಟಿಂಡೇಲನು 1526ರ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ 5:11ರ ‘ಕತಲ್ಲಗೇ’ ಎಂಬ ಗ್ರೀಕ್ ಪದಕ್ಕೆ ಇದನ್ನು ಬಳಸಿದನು. ಆದರೆ ಪದವನ್ನು ಅವನೇ ಸೃಷ್ಟಿಸಿದನೆಂಬ ಮಾತು ನಿಲ್ಲದು; ಅವನ ಎದುರಾಳಿ ಥಾಮಸ್ ಮೋರನು ಅದಕ್ಕೂ ಮೊದಲೇ ಕುಲೀನರ ನಡುವಣ ರಾಜಿಯನ್ನು ಕುರಿತು ಬರೆಯುವಾಗ ಇದನ್ನು ಬಳಸಿದ್ದನು.

ತೊಡಕು ಮುಂದಿದೆ. 1530ರಲ್ಲಿ ಪಂಚಗ್ರಂಥಗಳನ್ನು ಭಾಷಾಂತರಿಸಿದ ಟಿಂಡೇಲನು ‘ಕಿಪ್ಪೆರ್’ ಎಂಬ ಹೀಬ್ರೂ ಕ್ರಿಯಾಪದಕ್ಕೂ ಇದೇ ಪದವನ್ನಿಟ್ಟನು. 1611ರ ಕಿಂಗ್ ಜೇಮ್ಸ್ ಭಾಷಾಂತರವೂ ಅದನ್ನೇ ಅನುಸರಿಸಿತು. ಆದರೆ ಯಾಜಕಕಾಂಡ 16ರಲ್ಲಿ ಈ ಕ್ರಿಯೆ ಜನರಿಗಾಗಿ ಮಾತ್ರವಲ್ಲದೆ ಪವಿತ್ರಸ್ಥಾನಕ್ಕಾಗಿಯೂ ಯಜ್ಞವೇದಿಗಾಗಿಯೂ ನಡೆಯುತ್ತದೆ. ಯಜ್ಞವೇದಿಯೊಡನೆ ಯಾರೂ ರಾಜಿಯಾಗುವುದಿಲ್ಲ. ಅಲ್ಲಿನ ವಿಷಯ ರಕ್ತದಿಂದಾಗುವ ಅಶುದ್ಧತೆಯ ನಿವಾರಣೆ. ಹೀಗೆ ಪದದ ಅರ್ಥವು ಫಲದಿಂದ ಸಾಧನದ ಕಡೆಗೆ ಸರಿಯಿತು. 1881ರ ಪರಿಷ್ಕೃತ ಭಾಷಾಂತರವು ರೋಮಾಪುರದವರಿಗೆ 5:11ರಲ್ಲಿ ಇದನ್ನು ಕೈಬಿಟ್ಟು ‘ರೆಕನ್ಸಿಲಿಯೇಶನ್’ ಎಂದು ಬರೆಯಿತು. ಮೂಲಾರ್ಥವು ಸರಿಯಾಗಿ ಹೊಂದುತ್ತಿದ್ದ ವಚನದಿಂದಲೇ ಪದ ಹೊರಬಿದ್ದಿತು.

ಪದದ ಅರ್ಥವನ್ನು ನಿರ್ಣಯಿಸುವುದು ವಾಕ್ಯದಲ್ಲಿನ ಬಳಕೆಯೇ ಹೊರತು ಹುಟ್ಟಲ್ಲವೆಂದು ಜೇಮ್ಸ್ ಬಾರ್ 1961ರಲ್ಲಿಯೇ ಎಚ್ಚರಿಸಿದ್ದರು. ಪದವಿಭಜನೆಯಲ್ಲಿಯೇ ತೃಪ್ತನಾಗುವ ಪ್ರಸಂಗಿಯು ಒಂದಾಗುವಿಕೆಯನ್ನು ಸಾರಿ, ಅದಕ್ಕೆ ತೆತ್ತ ಬೆಲೆಯನ್ನು ಮರೆಸುತ್ತಾನೆ. ಪೌಲನು ಹಾಗೆ ಮಾಡಲಿಲ್ಲ. ಅದೇ ಅಧ್ಯಾಯದ 9 ಮತ್ತು 10ನೆಯ ವಚನಗಳಲ್ಲಿ ಕ್ರಿಸ್ತನ ರಕ್ತವನ್ನೂ ಮರಣವನ್ನೂ ಹೇಳಿದ ಮೇಲೆಯೇ ಅವನು ಸಂಧಾನದ ಆನಂದಕ್ಕೆ ಬರುತ್ತಾನೆ.

ಕನ್ನಡದ ಪ್ರಸಂಗಿಗೆ ಈ ಇಂಗ್ಲಿಷ್ ಪದದ ಹಂಗು ಬೇಕಿಲ್ಲ. ನಮ್ಮಲ್ಲಿ ‘ದೋಷಪರಿಹಾರ’ವು ಸಾಧನವನ್ನೂ ‘ಸಂಧಾನ’ವು ಫಲವನ್ನೂ ಬೇರೆಬೇರೆಯಾಗಿ ಸೂಚಿಸುತ್ತವೆ. ‘ಪ್ರಾಯಶ್ಚಿತ್ತ’ವನ್ನು ಮಾತ್ರ ಎಚ್ಚರದಿಂದ ಬಳಸಬೇಕು, ಜನರ ಬಳಕೆಯಲ್ಲಿ ಅದು ತಪ್ಪಿತಸ್ಥನು ತಾನೇ ಮಾಡಿಕೊಳ್ಳುವ ಕಾರ್ಯ. ಅಪೊಸ್ತಲನಾದರೋ ನಾವು ಸಂಧಾನವನ್ನು ಮಾಡಿಕೊಂಡೆವೆಂದು ಹೇಳುವುದಿಲ್ಲ, ಹೊಂದಿದೆವೆಂದು ಹೇಳುತ್ತಾನೆ. ಸುವಾರ್ತೆ ನಿಂತಿರುವುದು ಆ ಕ್ರಿಯಾಪದದ ಮೇಲೆ.